ಟಾವೆಲ್ಲಿನ ಕೆಳಗಿನ ಕೈ

ಅಂದು ಬೆಳಿಗ್ಗೆ ಎಂದಿನಂತೆ ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುವವಳು, ಹಿತ್ತಲಲ್ಲಿ ಒಂದೊಂದೇ ಆಡಿನ ತುಟಿ ಎತ್ತಿ ಹಲ್ಲು ನೋಡುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಆಡಿನ ವ್ಯಾಪಾರ ಆಕೆಯದೇ. ಕಿಣ್ಣಿ ಸುಲ್ತಾನ, ಮಾದನಹಿಪ್ಪರಗಾ ಊರುಗಳ ಮನೆಮನೆಗೆ ಹೋಗಿ ಕೊಂಡು ತಂದು ವಾರದ ಸಂತೆಯಲ್ಲಿ ಮಾರುತ್ತಾಳೆ. ಈಗ ಲೈಸೆನ್ಸ್ ಇಲ್ಲದವರನ್ನು ಸಂತೆಯೊಳಗೆ ಬಿಡುವುದಿಲ್ಲವಂತೆ. ಭಾವನ ಲೈಸೆನ್ಸ್ ಅವರೊಂದಿಗೇ ಮುಗಿದಿತ್ತು. ಮರುದಿನವೇ ಸಂತೆ.

"ಕಾನ್ವೆಂಟಿನಾಗ ಓದಿದಾಕಿ, ನೀನೂ ಬಾ ತಂಗಿ," ಎಂದಳು.

ಲೈಸೆನ್ಸ್ ಕೊಡುವ ಕಚೇರಿಯ ಗುಮಾಸ್ತ ಅಕ್ಕನ ಅರ್ಜಿ, ಲಸಿಕೆ ಚೀಟಿ, ಕೊಟ್ಟಿಗೆಯ ಫೋಟೊ ಎಲ್ಲ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದ.

"ಎಲ್ಲಾ ಬರೋಬರಿ ಅದ್ರಿ. ಆದ್ರ ಹೆಣ್ಮಗಳಿಗಿ ಹೆಂಗ ಕೊಡ್ಲಿ? ಟಾವೆಲ್ ಕೆಳಗ ಪರಗಂಡಸರ ಕೈ ಹಿಡೀತೀರೇನು?"

ನಮ್ಮ ಕಡೆ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಟಾವೆಲ್ ಹೊದಿಸಿ ಕೈ ಹಿಡಿದು ಬೆರಳಲ್ಲೇ ಮಾತಾಡುತ್ತಾರೆ. ಅಕ್ಕ ಯಾರ ಕೈಯನ್ನೂ ಹಿಡಿಯುವುದಿಲ್ಲ, ದರವನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ದಲಾಲರಿಗೆ ಅದೇ ಹೊಟ್ಟೆಯುರಿ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ದಲಾಲರು ಕಿಟಕಿಯಲ್ಲಿ ಇಣುಕಿ ನಕ್ಕರು.

"ಸಾಹೇಬ್ರ, ಬಳಿಗಾರನೂ ನನ್ನ ಕೈ ಹಿಡ್ದಾನ್ರಿ. ಅವಗೂ ಲೈಸೆನ್ಸ್ ಕೇಳೀರೇನು?" ಎಂದಳು ಅಕ್ಕ.

"ಮಾತು ಭಾಳ ಬರ್ತಾವ ನಿಮಗ."

ಗೋಡೆಗೆ ಹಚ್ಚಿದ್ದ ನಿಯಮಗಳನ್ನು ನಾನು ಮೇಲಿಂದ ಕೆಳಗೆ ಓದಿದೆ. ಟಾವೆಲ್ಲಿನ ಸುದ್ದಿ ಎಲ್ಲೂ ಇರಲಿಲ್ಲ. "ಇದರಾಗ ಎಲ್ಲಿ ಬರ್ದದ ತೋರಿಸ್ರಿ," ಎಂದೆ. ಸಿಸ್ಟರುಗಳು ತಿದ್ದಿದ ನನ್ನ ಮೆತ್ತನೆಯ ದನಿ ಕಚೇರಿಯ ಫ್ಯಾನಿನ ಗರಗರ ದಾಟಲಿಲ್ಲ. ಮತ್ತೆ ಕೇಳಿದೆ, ಈ ಸಲ ಜೋರಾಗಿ. ಕಿಟಕಿಯ ನಗು ನಿಂತಿತು.

"ಬರ್ದಿಲ್ರಿ, ಪದ್ಧತಿ ಅದ. ನಿಮ್ಮ ಮನಿಯವರ ಹೆಸರ್ಲೆ ಅರ್ಜಿ ಹಾಕ್ರಿ, ಈಗೇ ಕೊಡ್ತೀನಿ."

ನನ್ನ ಗಂಡ ಬಟ್ಟೆ ಅಂಗಡಿಯವರು. ಆಡು ಬಾಗಿಲಿಗೆ ಬಂದರೆ ಮೂಗು ಮುಚ್ಚಿಕೊಳ್ಳುವವರು. ಅವರಿಗೆ ಕೂತಲ್ಲೇ ಸಿಗುವ ಲೈಸೆನ್ಸ್, ಕತ್ತಲಲ್ಲಿ ಕೆಮ್ಮು ಕೇಳಿಯೇ ಯಾವ ಆಡು ಎಂದು ಹೇಳುವ ಈಕೆಗೆ ಇಲ್ಲ.

ಬರಿಗೈಲಿ ಮರಳುವಾಗ ಬಸ್ಸಿನಲ್ಲಿ ಅಕ್ಕ ಕಾಗದಗಳ ಚೀಲವನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕೂತಳು. "ನಿನ್ ಗಂಡನ ಹೆಸರ್ಲೆ ಬ್ಯಾಡ. ಒಮ್ಮಿ ಹಂಗ ಮಾಡಿದ್ರ ಆಡೂ ಅವರವೇ ಆಗ್ತಾವ," ಎಂದಳು, ಅಷ್ಟೇ. ಮನೆಗೆ ಬಂದು ತಂತಿಯ ಮೇಲಿನ ಟಾವೆಲ್ಲುಗಳನ್ನು ಮಡಚುವಾಗ ನನ್ನ ಮೈಯೆಲ್ಲ ಉರಿಯಿತು. ಮೈ ಒರೆಸುವ ಅರಿವೆಯೊಂದು ಹೆಂಗಸಿನ ಅನ್ನಕ್ಕೆ ಅಡ್ಡ ನಿಲ್ಲುತ್ತದೆ, ಅದಕ್ಕೆ ಸರ್ಕಾರದ ಕಚೇರಿಯೂ ಹೂಂ ಎನ್ನುತ್ತದೆ.

ಸಂಜೆ ಪಕ್ಕದ ಮನೆಯಾಕೆ ಗೋಡೆಯಾಚೆ ಮೆಂತ್ಯ ಸೊಪ್ಪು ಸೋಸುತ್ತ ನಿಂತಿದ್ದಳು. ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಆಕೆ ಒಂದು ಹಳದಿ ಎಲೆ ಕಿತ್ತು ಬಿಸಾಡಿದಳು.

"ಹಂಗಂದ್ರ ನಿಮ್ಮ ಅಕ್ಕ ನಾಳಿ ಸಂತಿಗಿ ಹೋಗಂಗಿಲ್ಲ ಅನ್ರಿ. ಚಲೋ ಆತು ಬಿಡ್ರಿ, ನಮ್ಮನ್ಯಾಗ ದೇವ್ರು ಮಾಡೋದದ, ಕೊಯ್ಲಾಕ ಒಂದು ಹೋತ ಬೇಕಾಗ್ಯಾದ. ಸೋವಿ ಮಾಡಿ ಕೊಡ್ಲಾಕ ಅವರಿಗಿ ಹೇಳ್ರಿ."