ಸ್ವೀಡನ್ ಪಾದ್ರಿಯ ಬಯಲಾಟ

ಓದುವ ಅಣ್ಣ, ಅಕ್ಕ, ತಮ್ಮಂದಿರೆಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದು, ಮದುವೆಯಾಗಿ, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ವೆಲ್ಡಿಂಗ್ ಮಾಡಿ ಮಾಡಿ ಬೆರಳ ತುದಿ ದಪ್ಪವಾಗಿದೆ, ಒಂದು ಅಕ್ಷರ ಒತ್ತಿದರೆ ಪಕ್ಕದ ಅಕ್ಷರವೂ ಜೊತೆಗೆ ಬರುತ್ತದೆ. ತಪ್ಪು ಕಂಡಲ್ಲಿ ನೀವೇ ಸರಿ ಮಾಡಿಕೊಂಡು ಓದಿ, ನನ್ನನ್ನು ಬೈಯಬೇಡಿ.

ನಮ್ಮ ಊರು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿದೆ. ರಸ್ತೆಯ ಈ ಕಡೆ ನನ್ನ ವೆಲ್ಡಿಂಗ್ ಅಂಗಡಿ, ಆ ಕಡೆ ತಗಡಿನ ಚಾವಣಿಯ ಸಣ್ಣ ಚರ್ಚು. ನಮ್ಮ ಮನೆದೇವರು ಉಚ್ಚಂಗೆಮ್ಮ, ನಾನು ಆ ಚರ್ಚಿಗೆ ಸೇರಿದವನಲ್ಲ. ಆದರೆ ಅಲ್ಲಿಯ ಪಾದ್ರಿಗಳು ನನ್ನ ಗುರುಗಳು. ಅವರು ಬಂದ ಹೊಸದರಲ್ಲಿ ಗೇಟು ಮಾಡಿಸಲು ನನ್ನಲ್ಲಿಗೆ ಬಂದರು. ನನ್ನ ಬೋರ್ಡಿನ ಮೇಲೆ ಏನು ಬರೆದಿದೆ ಎಂದು ಕೇಳಿದರು. "ಪೇಂಟರ್ ಏನು ಬರದಾನೋ ಅವನ್ನ ಕೇಳಬೇಕ್ರಿ" ಎಂದೆ. ಮರುದಿನದಿಂದ ಚರ್ಚಿನ ಕಟ್ಟೆಯ ಮೇಲೆ ನನಗೆ ಪಾಠ ಶುರುವಾಯಿತು. ಅವರಿಂದಲೇ ನಾನು ಹೊರಗಿನಿಂದ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಗಣಿತದಲ್ಲಿ ಹೇಗೆ ಪಾಸಾದೆ ಎಂಬುದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಪಾದ್ರಿಗಳಿಗೆ ಒಂದು ಹುಚ್ಚಿತ್ತು. ಬಹಳ ಹಿಂದೆ ಸ್ವೀಡನ್ ದೇಶದ ಒಂದು ಹಳ್ಳಿಯಲ್ಲಿ ಇನ್ನೊಬ್ಬ ಪಾದ್ರಿ ಇದ್ದರಂತೆ. ಅವರು ಕವಿಯೂ ಹೌದು, ದೇವರ ಹಾಡುಗಳನ್ನು ಬರೆಯುತ್ತಿದ್ದರು. ಮಂಜಿನಲ್ಲಿ ಕುದುರೆ ಗಾಡಿ ಹೂಡಿಕೊಂಡು ಹೋಗಿ ಸತ್ತವರನ್ನು ಮಣ್ಣು ಮಾಡುವುದು, ಮದುವೆ ಮಾಡಿಸುವುದು, ರೋಗಿಗಳ ಪಕ್ಕ ಕೂರುವುದು, ಮನೆಗೆ ಬಂದ ಮೇಲೆ ಹೆಪ್ಪುಗಟ್ಟಿದ ಶಾಯಿಯನ್ನು ಒಲೆಯ ಹತ್ತಿರ ಇಟ್ಟು ಕರಗಿಸಿ ಹಾಡು ಬರೆಯುವುದು. ಇಷ್ಟೇ ಅವರ ಜೀವನ. ನಮ್ಮ ಪಾದ್ರಿಗಳು ಇದನ್ನು ಹೇಳುವಾಗ ಮಾತ್ರ ಕಣ್ಣು ಅಗಲ ಮಾಡಿಕೊಂಡು ಹೇಳುತ್ತಿದ್ದರು.

ಆ ಸ್ವೀಡನ್ ಪಾದ್ರಿಯ ಒಂದು ಹಾಡನ್ನು ನಮ್ಮ ಪಾದ್ರಿಗಳು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದರು. ವರ್ಷಗಟ್ಟಲೆ ಒಂದೊಂದು ಪದ ತಿದ್ದಿ ತಿದ್ದಿ ಮಾಡಿದ ಕೆಲಸ. ಆದರೆ ಸಭೆಯವರು, ಅಂದರೆ ಆ ಚರ್ಚಿಗೆ ಬರುವ ಜನ, ಅದನ್ನು ಒಮ್ಮೆಯೂ ಹಾಡಲಿಲ್ಲ. ಕಾರಣ ಏನೆಂದರೆ ಅದು ಬೇಸಿಗೆ ಬಂತು ಎಂದು ದೇವರಿಗೆ ಸ್ತೋತ್ರ ಹೇಳುವ ಹಾಡು. "ಬಂತು ಬಿಸಿಲು, ಬಂತು ಬಿಸಿಲು, ಸ್ತೋತ್ರ ನಿನಗೆ ಸ್ವಾಮಿ" ಎಂದು ಶುರುವಾಗಿ, "ಸಾಲದಿಷ್ಟು, ನಮಗೆ ಇನ್ನೂ ಬಿಸಿಲು ಕೊಡು ಸ್ವಾಮಿ" ಎಂದು ಮುಗಿಯುತ್ತದೆ.

ಸಭೆಯ ಹಿರಿಯರೊಬ್ಬರು ಬಸ್ ಕಂಡಕ್ಟರಾಗಿ ರಿಟೈರ್ ಆದವರು. ಅವರು ಎದ್ದು ನಿಂತು ಕೇಳಿಯೇ ಬಿಟ್ಟರು. "ಅಯ್ಯನೋರ, ದೇವ್ರಿಗೆ ಥ್ಯಾಂಕ್ಸ್ ಹೇಳಿದ್ರ ಇನ್ನಷ್ಟು ಕೊಡ್ತಾನ ಅಂತ ನೀವ ಹೇಳೀರಿ. ಏಪ್ರಿಲ್‌ದಾಗ ಬಿಸಲಿಗೆ ಥ್ಯಾಂಕ್ಸ್ ಹೇಳಿ, ಮೇ ತಿಂಗಳದಾಗ ನಾವು ಎಲ್ಲಿ ಹೋಗೂಣ್ರಿ?"

ಆಮೇಲೆ ಪಾದ್ರಿಗಳು ಯಾವಾಗ ಆ ಹಾಡಿನ ಹೆಸರು ಎತ್ತಿದರೂ ಅರ್ಧ ಜನರಿಗೆ ಕೆಮ್ಮು ಬರುತ್ತಿತ್ತು, ಉಳಿದ ಅರ್ಧ ಜನ ನೀರು ಕುಡಿಯಲು ಹೊರಗೆ ಹೋಗುತ್ತಿದ್ದರು. ತಗಡಿನ ಕೆಳಗೆ ಬೆವರುತ್ತಾ ಪಾದ್ರಿಗಳೊಬ್ಬರೇ ಬಿಸಿಲನ್ನು ಹೊಗಳುತ್ತಿದ್ದರು. ಅದು ನನ್ನ ಅಂಗಡಿಯವರೆಗೂ ಕೇಳಿಸುತ್ತಿತ್ತು.

ಹೋದ ವರ್ಷ ಅವರಿಗೆ ಕರಾವಳಿಯ ಕಡೆ ವರ್ಗವಾಯಿತು. ಜೂನಿನಲ್ಲಿ ಹೊರಡಬೇಕು. ಸಭೆಯವರು ಶಾಲು, ಪೇಟ ಎಂದು ಮಾತಾಡತೊಡಗಿದರು. ಪಾದ್ರಿಗಳು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ನನಗ ಶಾಲು ಬ್ಯಾಡಪ್ಪ. ಆ ಹಾಡನ್ನ ಸಭೆಯವರು ಒಮ್ಮೆ ಬಾಯ್ತುಂಬ ಹಾಡೋದು ಕೇಳಿ ಹೋಗಬೇಕು."

"ಅದನ್ನ ಅವ್ರಿಗೆ ಹೇಳ್ರಿ ಮತ್ತ."

"ಹೇಳಬ್ಯಾಡ. ಕೇಳಿ ಹಾಡಿಸ್ಕೊಂಡ್ರ ಅದು ಹಾಡಲ್ಲ, ಮುಲಾಜು. ಆ ಪುಣ್ಯಾತ್ಮನ ಜೀವನ ಗೊತ್ತಾದ್ರ ತಾವ ಹಾಡ್ತಾರ. ನಿಮ್ಮ ಬಯಲಾಟದಾಗ ಅವರ ಕತೆ ಆಡ್ರಿ. ಅವರ ಪಾತ್ರ ನೀನ ಮಾಡಬೇಕು."

ನಾನು ಬೆಪ್ಪಾದೆ. ನಮ್ಮ ಊರಿನ ಬಯಲಾಟದಲ್ಲಿ ನನ್ನ ಮೈಕಟ್ಟು, ಗಂಟಲು ನೋಡಿ ಮೊದಲಿನಿಂದಲೂ ರಾಕ್ಷಸನ ಪಾತ್ರವನ್ನೇ ಕೊಡುತ್ತಾರೆ. ಆದರೆ ಗುರುಗಳ ಮಾತು, ಇಲ್ಲ ಎನ್ನಲಾಗಲಿಲ್ಲ.

ಆಟ ಕಲಿಸುವ ಮಾಸ್ತರರು ನೀಲಗುಂದದ ಕಡೆಯವರು. ಪಾದ್ರಿಗಳು ಬರೆದ ಕತೆಯನ್ನು ನಾನು ಓದಿ ಹೇಳಿದೆ. ಮಾಸ್ತರರು ಎಲೆ ಅಡಿಕೆ ಅಗಿಯುತ್ತಾ ಕೊನೆಯವರೆಗೂ ಕೇಳಿದರು.

"ಯುದ್ಧ ಎಲ್ಲಿ ಬರುತ್ತೆ ಸ್ವಾಮಿ?"

"ಯುದ್ಧ ಇಲ್ಲ" ಎಂದರು ಪಾದ್ರಿಗಳು.

"ಕಡೇಗೆ ಇವ್ರು ಸಾಯ್ತಾರಲ್ಲ, ಕೊಲ್ಲೋರು ಯಾರು?"

"ಯಾರೂ ಇಲ್ಲ. ಚಳಿಜ್ವರ."

"ಹಂಗಾರೆ ಚಳಿ ಪಾರ್ಟು ಯಾರು ಮಾಡ್ತಾರೆ?"

ಪಾದ್ರಿಗಳು ಎಷ್ಟು ಹೇಳಿದರೂ ಮಾಸ್ತರರು ಬಗ್ಗಲಿಲ್ಲ. ಎದುರಾಳಿ ಇಲ್ಲದೆ ಅವರು ಗೆಜ್ಜೆ ಕಟ್ಟಿಸುವವರಲ್ಲ. ಕೊನೆಗೆ ಚಳಿರಾಯ ಎಂಬ ರಾಕ್ಷಸ ಹುಟ್ಟಿದ. ಪಾತ್ರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಐಸ್ ಕ್ಯಾಂಡಿ ಮಾರುವವನನ್ನು ಹಿಡಿದು ತಂದರು. ಸಾರಥಿಯ ಕೆಲಸ ಮಾಸ್ತರರದೇ. ಬಯಲಾಟದಲ್ಲಿ ಯಾರೇ ರಂಗಕ್ಕೆ ಬಂದರೂ ಸಾರಥಿ ಅಡ್ಡ ನಿಂತು, ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಉತ್ತರ ಕೊಡದೆ ಒಂದು ಹೆಜ್ಜೆಯೂ ಮುಂದೆ ಇಡುವಂತಿಲ್ಲ.

ತಾಲೀಮಿನಲ್ಲಿ ನಾನು ಬಾಯಿ ತೆರೆದರೆ ರಾಕ್ಷಸನೇ ಹೊರಗೆ ಬರುತ್ತಿದ್ದ. "ಮೆತ್ತಗ, ಮೆತ್ತಗ, ಅವರು ಯಾರನ್ನೂ ಗದರಿಸಿದವರಲ್ಲ" ಎಂದು ಪಾದ್ರಿಗಳು ಕೈ ಮುಗಿಯುತ್ತಿದ್ದರು. ಮನೆಯಲ್ಲಿ ಮೆತ್ತಗೆ ಮಾತಾಡುವ ಅಭ್ಯಾಸ ಮಾಡಿದೆ. ನನ್ನ ಹೆಂಡತಿ, "ಈ ಆಟ ವರ್ಷಾ ಇಡ್ರಿ" ಎಂದಳು.

ಮೇ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಚರ್ಚಿನ ಮುಂದಿನ ಬಯಲಿನಲ್ಲಿ ಆಟ. ಜನರಿಗೆ ಶಾಮಿಯಾನ ಇತ್ತು, ರಂಗದ ಮೇಲೆ ಏನೂ ಇರಲಿಲ್ಲ. ಹರಪನಹಳ್ಳಿಯ ವಕೀಲರೊಬ್ಬರ ಕರಿ ಕೋಟು ನನಗೆ ಹಾಕಿಸಿದರು. ಭುಜಕೀರ್ತಿ ಇಲ್ಲದೆ ನಾಯಕನೇ ಅಲ್ಲ ಎಂದು ಮಾಸ್ತರರು ಕೋಟಿನ ಮೇಲೆ ಅದನ್ನೂ ಕಟ್ಟಿದರು. ಅದರ ಮೇಲೆ ಕಂಬಳಿ. ನೆಲದ ತುಂಬ ಮಂಡಕ್ಕಿ ಸುರಿದು ಮಂಜು ಮಾಡಿದ್ದರು. ಆಟ ಶುರುವಾಗುವುದರೊಳಗೆ ಓಣಿಯ ಕೋಳಿಗಳೆಲ್ಲ ಸ್ವೀಡನ್ನಿಗೆ ಬಂದಿದ್ದವು.

ಸಾರಥಿ ಅಡ್ಡ ನಿಂತು, ನೀವು ಯಾರು ಎಂದ. ಮದ್ದಳೆ ಬಿದ್ದ ಕೂಡಲೇ ನನಗೆ ಕಲಿತದ್ದೆಲ್ಲ ಮರೆತುಹೋಯಿತು. "ನಾನು ಸ್ವೀಡನ್ ದೇಶದ ಪಾದ್ರೀ...!" ಎಂದು ಗರ್ಜಿಸಿದೆ. ಕೋಳಿಗಳು ಹಾರಿಹೋದವು. ಮುಂದೆ ಕುಳಿತಿದ್ದ ಪಾದ್ರಿಗಳು ಹಣೆ ಹಿಡಿದುಕೊಂಡರು.

ಆಮೇಲೆ ಚಳಿರಾಯ ಬಂದ. ಜನ ಹೆದರಬೇಕಾದ ಜಾಗ ಅದು. ಆದರೆ ಅವನು ತನ್ನ ಐಸ್ ಡಬ್ಬಿಯನ್ನೇ ಹೊತ್ತುಕೊಂಡು ಬಂದಿದ್ದ, ಕೈತುಂಬ ಮಂಜುಗಡ್ಡೆ ಹಿಡಿದು ಕುಣಿಯುತ್ತಿದ್ದ. "ಲೇ ಚಳಿ, ಈ ಕಡಿ ಬಾರಲೇ!" "ನಮ್ಮ ಮ್ಯಾಲೂ ಒಂದೀಟು ಹಾಕಲೇ!" ಎಂದು ಎಲ್ಲರೂ ಕೈ ಚಾಚಿದರು. ಅವನು ನನ್ನನ್ನು ಕೊಲ್ಲುವುದು ಬಿಟ್ಟು ಜನರ ನಡುವೆ ಐಸ್ ಹಂಚುತ್ತಾ ಹೋದ. ಇಡೀ ಬಯಲಿನಲ್ಲಿ ಸ್ವೀಡನ್ ಪಾದ್ರಿಯ ಕಡೆ ಯಾರೂ ಇರಲಿಲ್ಲ.

ಕೊನೆಗೆ ಸಾಯುವ ದೃಶ್ಯ. ನಾನು ಕಂಬಳಿ ಬಿಗಿಯಾಗಿ ಹೊದ್ದು ಗಡಗಡ ನಡುಗಿದೆ. ಮುಖದ ಬಣ್ಣ ಬೆವರಿನಲ್ಲಿ ಕರಗಿ ಬಾಯಿಗೆ ಬರುತ್ತಿತ್ತು. "ಈ ಚಳಿಯನ್ನು ತಾಳಲಾರೆ! ಆರು ತಿಂಗಳಾಯಿತು, ಸೂರ್ಯ ಎಲ್ಲಿ? ಸೂರ್ಯ ಎಲ್ಲಿ?" ಎಂದೆ.

ಜನವೆಲ್ಲ ಒಟ್ಟಿಗೆ ಮೇಲೆ ಬೆರಳು ತೋರಿಸಿ, "ಮ್ಯಾಲ ಅದಾನ ನೋಡಪಾ!" ಎಂದರು.

ಮೇಲೆ ನೋಡಿದೆ. ತಲೆ ಗಿರ್ರೆಂದಿತು. ಮಂಡಕ್ಕಿಯ ಮೇಲೆ ಬಿದ್ದೆ. ಜನ ಚಪ್ಪಾಳೆ ಹೊಡೆದರು. ನಾನು ನಿಜವಾಗಿಯೂ ಬಿದ್ದದ್ದು ಎಂದು ಗೊತ್ತಾದದ್ದು ಪಾದ್ರಿಗಳಿಗೆ ಮಾತ್ರ. ಚೊಂಬಿನಲ್ಲಿ ನೀರು ಹಿಡಿದು ರಂಗದ ಮೇಲೆ ಓಡಿಬಂದರು.

ರಂಗಕ್ಕೆ ಬಂದವರನ್ನು ತಡೆದು ಕೇಳುವುದು ಮಾಸ್ತರರಿಗೆ ಮೂವತ್ತು ವರ್ಷದ ರೂಢಿ. ಕೋಲು ಅಡ್ಡ ಹಿಡಿದೇ ಬಿಟ್ಟರು. "ಭಲಾ! ರಂಗಕ್ಕೆ ದಯಮಾಡಿಸಿದಂಥ ತಾವು ಯಾರು?"

"ಬಿಡ್ರಿ ಮಾಸ್ತರ, ಅವನಿಗೆ ನೀರು..."

"ಯಾರೆಂದು ಹೇಳದ ಹೊರತು ಬಿಡುವವರಲ್ಲ!"

"ನಾನು ಈ ಸಭೆಯ ಪಾದ್ರಿ!"

"ಬಂದಂಥ ಕಾರಣ?"

"ನೀರು ಕುಡಿಸಾಕ ಬಂದೀನಿ!"

ಜನ ನಕ್ಕರು. ಅಷ್ಟರಲ್ಲಿ ಚಳಿರಾಯ ನನ್ನ ತಲೆಯ ಮೇಲೆ ಐಸ್ ಇಟ್ಟ. ನಾನು ಕಣ್ಣು ಬಿಟ್ಟೆ. ಆದರೆ ಮಾಸ್ತರರು ರಂಗದಲ್ಲಿ ಮುಳುಗಿಹೋಗಿದ್ದರು. "ಬರೀ ನೀರಿಗೆ ಬಂದವರಲ್ಲ ತಾವು. ಮನಸ್ಸಿನೊಳಗಿನ ಕಾರಣ ಹೇಳಿರಿ!" ಎಂದರು.

ಪಾದ್ರಿಗಳು ಚೊಂಬು ಹಿಡಿದುಕೊಂಡು ಜನರ ಕಡೆ ತಿರುಗಿದರು.

"ನಾನು ಮುಂದಿನ ವಾರ ಹೊಂಟೀನಿ. ಈ ಮನುಷ್ಯನ ಹಾಡು ನಿಮ್ಮ ಬಾಯಾಗ ಒಮ್ಮೆ ಕೇಳಬೇಕಂತ ಆಸೆ. ಅದಕ್ಕ ಇಷ್ಟೆಲ್ಲಾ ಮಾಡಿಸೀನಿ" ಎಂದರು.

ಕಂಡಕ್ಟರ್ ಹಿರಿಯರು ಎದ್ದು ನಿಂತರು. "ಅಲ್ರಿ ಅಯ್ಯನೋರ, ಇದನ್ನ ಹೊಟ್ಟ್ಯಾಗ ಇಟ್ಗೊಂಡು ಕುಂತಿದ್ರೇನು? ಒಂದ್ ಮಾತು ಹೇಳಬಾರದಾ?"

"ಹೇಳಿದ್ರ ಮುಲಾಜಿಗೆ ಹಾಡ್ತಿದ್ರಿ."

"ಮುಲಾಜಿಗೂ ಹಾಡ್ತಿದ್ದಿಲ್ಲ ಬಿಡ್ರಿ, ಇಂಥಾ ಬಿಸಲಾಗ" ಎಂದು ಹಿರಿಯರು ನಕ್ಕರು. ಆಮೇಲೆ ಕೇಳಿದರು. "ಖರೇನ ಆ ದೇಶದಾಗ ಅಷ್ಟು ತಿಂಗಳು ಬಿಸಲು ಬೀಳಂಗಿಲ್ಲೇನ್ರಿ?"

"ಮಧ್ಯಾಹ್ನದಾಗ ದೀಪ ಹಚ್ಚಿ ಕುಂದರತಾರ."

ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಗಾಬರಿಯಾಗಿ ಎದ್ದಳು. "ಅಯ್ಯ ನಮ್ಮವ್ವ! ಹಂಗಾದ್ರ ಹಪ್ಪಳ ಎಲ್ಲಿ ಒಣಗಸ್ತಾರ?"

"ಸಂಡಿಗಿ?" ಎಂದಳು ಇನ್ನೊಬ್ಬಳು.

"ಮೆಣಸಿನಕಾಯಿ, ಕುಳ್ಳು, ಏನೂ ಒಣಗಂಗಿಲ್ಲ" ಎಂದರು ಪಾದ್ರಿಗಳು.

ನಾನು ನಡುಗಿದ್ದಕ್ಕೆ ಕರಗದ ಜನ ಇದಕ್ಕೆ ಕರಗಿದರು. "ಪಾಪ, ಹೆಂಗ ಬಾಳೇವು ಮಾಡ್ತಾವೋ" ಎಂದು ಹೆಂಗಸರೆಲ್ಲ ಮಾತಾಡಿಕೊಂಡರು. ಹಿರಿಯರು ಬಸ್ಸಿನಲ್ಲಿ ಹೇಳುವಂತೆ ಕೈ ಎತ್ತಿ ಹೇಳಿದರು. "ಹಾಡೂಣ. ಆದ್ರ ಕಡೀ ಸಾಲು ನಾ ಹೇಳಿದಂಗ. 'ನಮಗೆ ಇನ್ನೂ ಬಿಸಿಲು ಕೊಡು' ಬ್ಯಾಡ. 'ನಮ್ಮ ಬಿಸಿಲು ಒಯ್ದು ಅವರಿಗೆ ಕೊಡು ಸ್ವಾಮಿ' ಅನ್ನೂಣ."

"ಅವರು ಹಂಗ ಬರದಿಲ್ಲ" ಎಂದರು ಪಾದ್ರಿಗಳು.

"ಅವ್ರು ಮೇ ತಿಂಗಳದಾಗ ನಮ್ಮೂರಿಗೆ ಬಂದಿದ್ರ ಹಂಗ ಬರೀತಿದ್ರು."

ಪಾದ್ರಿಗಳು ಮತ್ತೆ ಬಾಯಿ ತೆರೆಯುವುದರೊಳಗೆ ಮಾಸ್ತರರು ಮದ್ದಳೆಯವನಿಗೆ ಸನ್ನೆ ಮಾಡಿದರು. ನಿಧಾನವಾಗಿ ಹಾಡಬೇಕಾದ ಹಾಡು ಕುದುರೆಯಂತೆ ಓಡಿತು. ಪಾದ್ರಿಗಳು ಒಂದು ಕೈಯಿಂದ ತಡೆದು ತಡೆದು ತಾಳ ತೋರಿಸಿದರು. ಯಾರೂ ನೋಡಲಿಲ್ಲ. ಸಭೆಯವರು, ಸಭೆಯವರಲ್ಲದವರು, ಐಸ್ ಹಂಚುತ್ತಿದ್ದ ಚಳಿರಾಯ, ಎಲ್ಲರೂ ಹಾಡಿದರು. ನಾನೂ ಮಲಗಿದ್ದಲ್ಲಿಂದಲೇ ಹಾಡಿದೆ. "ಸತ್ತೋನು ಸುಮ್ಕಿರಲೇ" ಎಂದು ಮಾಸ್ತರರು ಕಾಲಿನಿಂದ ತಿವಿದರು. ಕೊನೆಯ ಸಾಲಿಗೆ ಜನ ಆಕಾಶಕ್ಕೆ ಕೈ ಎತ್ತಿ, ನಿಜವಾಗಿಯೂ ಒಯ್ಯಲಿ ಎನ್ನುವಂತೆ ಕೂಗಿದರು. ಆ ಸಾಲನ್ನು ಮೂರು ಸಲ ಹಾಡಿದರು.

ಪಾದ್ರಿಗಳು ಚೊಂಬಿನ ನೀರನ್ನು ತಾವೇ ಕುಡಿದುಬಿಟ್ಟರು. ನನಗೆ ತಂದದ್ದೆಂದು ಮರೆತಿದ್ದರು. "ಕಡೀ ಸಾಲು ನಂದಲ್ಲ" ಎಂದರು ಹಿರಿಯರಿಗೆ.

"ಅದು ನಮ್ಮ ಕಡಿಂದ. ಶಾಲು ಬ್ಯಾಡಂದ್ರೆಲ್ಲ" ಎಂದರು ಹಿರಿಯರು.

ಈಗ ಪಾದ್ರಿಗಳು ಕರಾವಳಿಯ ಸಭೆಯಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ಅಲ್ಲಿ ಮಳೆ ಹೆಚ್ಚು, ಬಿಸಿಲಿನ ಹಾಡನ್ನು ಮೊದಲ ವಾರವೇ ಹಾಡಿದರಂತೆ. ತಾಳ ತಪ್ಪದೆ, ಸಾಲು ಬದಲಿಸದೆ, ಇವರು ಬರೆದುಕೊಟ್ಟಂತೆಯೇ.

"ಚಂದ ಹಾಡ್ತಾರಪ್ಪ" ಎಂದರು. ಮತ್ತೆ, "ಒಬ್ಬರೂ ತಕರಾರು ತಗ್ಯಾಂಗಿಲ್ಲ" ಎಂದರು. ಅದು ದೂರು ಹೇಳಿದಂತೆ ಕೇಳಿಸಿತು.

ನಿಮ್ಮ ಊರಿನಲ್ಲೂ ಎಲ್ಲಿಂದಲೋ ಬಂದ ಹಾಡನ್ನೋ ಕತೆಯನ್ನೋ ಜನ ಹೀಗೆ ತಮ್ಮ ಹದಕ್ಕೆ ತಿರುವಿಕೊಂಡದ್ದು ಇದ್ದರೆ, ಕೆಳಗೆ ಬರೆಯಿರಿ. ನಿಧಾನವಾಗಿಯಾದರೂ ಒಂದೊಂದನ್ನೂ ಓದುತ್ತೇನೆ, ಗುರುಗಳಿಗೂ ಫೋನಿನಲ್ಲಿ ಓದಿ ಹೇಳುತ್ತೇನೆ.