ರಾಹುಕಾಲ ಮುಗಿದ ಗಳಿಗೆಯ ಪಾಳೆ

ಬನಹಟ್ಟಿಯ ನಮ್ಮ ಪಡಸಾಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇದೆ. ನಾನು ಅದನ್ನು ಅಭಿಮಾನದಿಂದ ಸರ್ವರ್ ಎನ್ನುತ್ತೇನೆ. ನನ್ನ ಹೆಂಡತಿಯೂ ಅವಳ ಜೊತೆಗಾರ್ತಿಯರೂ ನೇಯ್ದ ಸೀರೆಗಳನ್ನು ಅಂತರ್ಜಾಲದಲ್ಲಿ ಮಾರುವುದೇ ಅದರ ಕೆಲಸ. ಮೊದಲ ಮಾರಾಟವನ್ನು ಲಕ್ಷ್ಮಿಯ ವಾರವೆಂದು ಶುಕ್ರವಾರ ಬೆಳಿಗ್ಗೆಗೇ ಇಟ್ಟೆವು. ರಾಹುಕಾಲವನ್ನು ನಾವು ಮರೆತೆವು, ಕೊಳ್ಳುವವರು ಮರೆಯಲಿಲ್ಲ. ಬೀಳಗಿಯಿಂದ ಸೊಲ್ಲಾಪುರದವರೆಗೆ ಮೊಬೈಲು ಹಿಡಿದು ಗಡಿಯಾರ ನೋಡುತ್ತ ಕುಳಿತಿದ್ದವರೆಲ್ಲ, ಅದು ಮುಗಿದ ಗಳಿಗೆಗೆ ಒಮ್ಮೆಲೇ ಒತ್ತಿದರು. ಬಹುಪಾಲು ಜನರಿಗೆ ಬಿಳಿ ಪರದೆಯೇ ದರ್ಶನ ಕೊಟ್ಟಿತು.

ಸೀರೆಗಳು ಉಳಿದವು. "ಮುಂದಿನ ವಾರನೂ ಹಿಂಗ ಆದ್ರ ನಾವು ಮತ್ತ ಸೀರಿ ಜಮಖಂಡಿ ಸಾವಕಾರರಿಗೇ ಕೊಡತೀವ್ರಿ," ಎಂದಳು ಗುಂಪಿನ ಹಿರಿಯ ನೇಕಾರ್ತಿ. ಅವಳು ಹೋದರೆ ಉಳಿದವರೂ ಹೋಗುವರು. ಹೆಂಡತಿ ಕಷ್ಟಪಟ್ಟು ಕಟ್ಟಿದ ಗುಂಪು ಅದು.

ಮುಧೋಳದಿಂದ ಬಂದ ಎಂಜಿನಿಯರ್ ಕುರ್ಚಿಯಲ್ಲಿ ಕೂರುವ ಮೊದಲೇ ತೀರ್ಪು ಕೊಟ್ಟ. "ಮಶೀನ ಸಣ್ಣದ ಐತ್ರಿ ಕಾಕಾ. ದೊಡ್ಡದ ತಗೋರಿ."

"ಗದ್ದಲದಾಗ ಅದು ತೂಕಡಸಾಕತ್ತಿತ್ತಲ್ಲೋ ತಮ್ಮಾ. ದುಡಿಯಾಕ ಕೆಲಸನ ಸಿಕ್ಕಿಲ್ಲ ಅದಕ್ಕ," ಎಂದೆ.

"ಪಾಳೆ ನೀವು ಹೇಳಿದಷ್ಟ ಉದ್ದ ಇರತೈತ್ರಿ, ಅಂದ ಮ್ಯಾಲ ತಪ್ಪು ಮಶೀನದ್ದ. ಪುಸ್ತಕದಾಗ ಹಂಗ ಐತ್ರಿ."

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಬಿಚ್ಚಿ ನೋಡದೆ ಒಪ್ಪುವ ಅಭ್ಯಾಸವಿಲ್ಲ. ಕಾಯುವ ಗಿರಾಕಿಗಳ ಪಾಳೆಯ, ಅಂದರೆ ಸರದಿಯ, ಉದ್ದವನ್ನು ಪ್ರೋಗ್ರಾಂ ಹೇಳುತ್ತದೆ, ಆಪರೇಟಿಂಗ್ ಸಿಸ್ಟಮ್ ಅಷ್ಟೇ ಜನರನ್ನು ನಿಲ್ಲಿಸಿಕೊಳ್ಳುತ್ತದೆ ಎಂಬುದು ಆ ಪುಸ್ತಕದ ಮತ. ಬಾಗಿಲು ತೆರೆದಿಟ್ಟು ಯಾರನ್ನೂ ಒಳಗೆ ಕರೆಯದ ಒಂದು ಸೋಮಾರಿ ಪ್ರೋಗ್ರಾಂ ಬರೆದೆ. ಸರದಿಯ ಉದ್ದ ಒಂದು ಎಂದೆ. ನಾನೇ ಕಳಿಸಿದ ನಕಲಿ ಗಿರಾಕಿಗಳಲ್ಲಿ ಒಬ್ಬ ಬಂದು ನಿಂತ. ಎರಡನೆಯವನೂ ನಿಂತ! ಮೂರನೆಯವನಿಗೆ ಮಾತ್ರ ಉತ್ತರವಿಲ್ಲ. ಒಂದೆಂದರೆ ಎರಡು ಎಂದು ತಿಳಿಯುವ ಈ ಧಾರಾಳಿಯನ್ನು ಕಂಡು ನಾನು ಎಷ್ಟು ನಕ್ಕೆನೆಂದರೆ, ಹೆಂಡತಿ ಮಗ್ಗ ನಿಲ್ಲಿಸಿ ಇಣುಕಿದಳು.

ಮುಂದೆ ಕೆದಕಿದಂತೆ ಸರದಿಗಳೇ ಎರಡೆಂದು ತಿಳಿಯಿತು. 'ಬರಲೇ' ಎಂದು ಕೇಳಿ, 'ಬಾ' ಎನಿಸಿಕೊಂಡು, 'ಬಂದೆ' ಎನ್ನಲು ಬಾಕಿ ಇರುವವರದು ಮೊದಲನೆಯದು. ಆ ಮೂರೂ ಮಾತು ಮುಗಿಸಿ ಪ್ರೋಗ್ರಾಂ ಕರೆಯಲೆಂದು ಕಾಯುವವರದು ಎರಡನೆಯದು. ಎರಡನೆಯದು ತುಂಬಿದ್ದರೆ ಸಿಸ್ಟಮ್ ಆ 'ಬಂದೆ'ಯನ್ನು ಸದ್ದಿಲ್ಲದೆ ಬಿಸಾಡುತ್ತದೆ. ಪಾಪ, ಗಿರಾಕಿ ತಾನು ಒಳಗಿದ್ದೇನೆಂದೇ ನಂಬಿರುತ್ತಾನೆ. ಇಷ್ಟೇ ಅಲ್ಲ. ಮಾರಾಟದ ದಿನ ನಾನು ಕೇಳಿದ್ದು ಸಾವಿರ ಜನರ ಸರದಿ. ಸಿಸ್ಟಮ್ ತನ್ನದೇ ಮಿತಿಯೊಂದನ್ನು ಇಟ್ಟುಕೊಂಡು, ಒಂದು ಮಾತೂ ಹೇಳದೆ, ನೂರಿಪ್ಪತ್ತೆಂಟಕ್ಕೆ ಕತ್ತರಿಸಿತ್ತು.

ಮಿತಿ ಏರಿಸಿ ಮೀಸೆ ತಿರುವಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡು, "ಪಂಕ್ತಿ ಬರೇ ಉದ್ದ ಹಾಸಿದ್ರ ಹೊಟ್ಟಿ ತುಂಬತೈತೇನ್ರಿ? ನೀಡಾವರು ಬ್ಯಾಡೇನು?" ಎಂದಳು.

"ಅದನ್ನ ಮಾಡಾಕತ್ತೇನಿ," ಎಂದೆ. ಆಗಷ್ಟೇ ಹೊಳೆದಿತ್ತೆಂದು ಹೇಳಲಿಲ್ಲ. ನನ್ನ ಪ್ರೋಗ್ರಾಂ ಒಬ್ಬರ ವ್ಯಾಪಾರ ಪೂರ್ತಿ ಮುಗಿಸಿಯೇ ಇನ್ನೊಬ್ಬರನ್ನು ಕರೆಯುತ್ತಿತ್ತು. ಪ್ರೋಗ್ರಾಮಿನ ಒಂದು ಭಾಗ ಬರೀ ಕರೆಯಲಿ, ಉಳಿದವು ವ್ಯಾಪಾರ ನೋಡಿಕೊಳ್ಳಲಿ ಎಂದು ತಿದ್ದಿ ಬರೆದೆ.

ಶುಕ್ರವಾರ ಹೆಂಗಸರೆಲ್ಲ ಪರದೆಯ ಮುಂದೆ ನೆರೆದರು. ರಾಹುಕಾಲ ಮುಗಿಯಿತು. ಕಾಯುವವರ ಸಂಖ್ಯೆ ಸರ್ರನೆ ಏರಿತು, ನನ್ನ ಉಸಿರೂ ಅದರೊಡನೆ ಏರಿತು. ಆಮೇಲೆ ಹೊಳೆ ಇಳಿದಂತೆ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಯಾರೂ ಹೊರಗೆ ಉಳಿಯಲಿಲ್ಲ. ಸೀರೆಗಳೆಲ್ಲ ಹೋದರೂ ಜನ ಬರುತ್ತಲೇ ಇದ್ದರು.

"ಅಂಗಡಿ ಬಂದ ಮಾಡ್ರಿ," ಎಂದಳು ಹಿರಿಯ ನೇಕಾರ್ತಿ. "ಇನ್ನ ಉಳದಾವು ಅಂದ್ರ ನಾವು ಉಟ್ಟಾವಷ್ಟ."

"ಸಾವಕಾರರಿಗೆ ಏನ ಹೇಳೂಣು?" ಎಂದು ಹೆಂಡತಿ ಕೇಳಿದಳು.

"ಅವರೂ ಪಾಳೆ ಹಚ್ಚಲಿ ಅಂತ ಹೇಳ್ರಿ," ಎಂದು ಹಿರಿಯಾಕೆ ಮಗ್ಗಕ್ಕೆ ಹೊಸ ಹಾಸು ಹೂಡಲು ಎದ್ದು ಹೋದಳು.