ಫೈಲಿನಲ್ಲಿಟ್ಟ ಪತ್ರ

ಗಂಗಾವತಿಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಅದರ ಜೊತೆಗೆ ಕೊಪ್ಪಳ ಜಿಲ್ಲಾ ಕರಾಟೆ ಸಂಸ್ಥೆಯ ಕಾರ್ಯದರ್ಶಿಯ ಕೆಲಸವನ್ನೂ ನೋಡುತ್ತಿದ್ದೆ. ಬೆಳಿಗ್ಗೆ ಐದೂವರೆಗೆ ಕರಾಟೆ ತರಗತಿ. ಐದು ಮೂವತ್ತೊಂದಕ್ಕೆ ಬಂದವರು ಬಾಗಿಲ ಹೊರಗೆ. ಬಂದ ಪ್ರತಿ ಪತ್ರಕ್ಕೂ ಆವಕ ಸಂಖ್ಯೆ, ಸ್ವೀಕೃತಿ ಮೊಹರು, ದಿನಾಂಕ. ಈ ಶಿಸ್ತಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ನನ್ನ ತಪ್ಪಿಗೆ ಸಾಕ್ಷಿಯಾದದ್ದೂ ಅದೇ ಮೊಹರು.

ಕ್ರೀಡಾ ಆಡಳಿತ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಆಟಕ್ಕೆ ದೇಶದಲ್ಲಿ ಒಂದೇ ಮಾನ್ಯ ಫೆಡರೇಶನ್ ಇರಬೇಕು. ಅದರ ಕೆಳಗೆ ರಾಜ್ಯ ಘಟಕ, ಅದರ ಕೆಳಗೆ ಜಿಲ್ಲಾ ಘಟಕ. ಮೇಲಿನದರ ಮಾನ್ಯತೆ ಹೋದರೆ ಕೆಳಗೆ ಕೊಟ್ಟ ಸರ್ಟಿಫಿಕೇಟು ಬರೀ ಕಾಗದ. ಕರಾಟೆಯಲ್ಲಿ ಆಗ ರಾಷ್ಟ್ರ ಮಟ್ಟದಲ್ಲಿ ಎರಡು ಬಣಗಳಿದ್ದವು. ಎರಡೂ ತಾವೇ ಅಸಲಿ ಎನ್ನುತ್ತಿದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಕ್ಲಬ್ಬುಗಳನ್ನು ಒಡೆಯದೆ ತಮ್ಮ ಜೊತೆ ಉಳಿಸಿದರೆ ರಾಷ್ಟ್ರೀಯ ಕಾರ್ಯಕಾರಿ ಸಮಿತಿಯಲ್ಲಿ ನನಗೊಂದು ಸ್ಥಾನವೆಂದು ನಮ್ಮ ಬಣದವರು ಹೇಳಿದ್ದರು.

ಒಂದು ಬುಧವಾರ ರಾಜ್ಯ ಘಟಕದಿಂದ ಪತ್ರ ಬಂತು. ನಮ್ಮ ಫೆಡರೇಶನ್ನಿನ ಮಾನ್ಯತೆ ಅಮಾನತಾಗಿತ್ತು. ಎಲ್ಲ ಕ್ರೀಡಾಪಟುಗಳಿಗೆ ತಿಳಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ತಿಳಿಸಿದರೆ ಕುಷ್ಟಗಿಯವರು ಮರುದಿನವೇ ಇನ್ನೊಂದು ಬಣಕ್ಕೆ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಮೊಹರು ಒತ್ತಿದೆ, ಸಂಖ್ಯೆ ಬರೆದೆ, ಫೈಲಿಗೆ ಹಾಕಿ ಬೀರುವಿಗೆ ಬೀಗ ಹಾಕಿದೆ.

ಹುಲಿಗೆಮ್ಮ ತಾವರಗೇರಾದ ಹುಡುಗಿ. ತಂದೆ ದ್ಯಾಮಣ್ಣ ಕುರಿ ಸಾಕುವವರು. ಗಂಗಾವತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ನಡುವೆ ಬಿಟ್ಟಿದ್ದ ಓದು ಮುಂದುವರಿಸಿ ತಡವಾಗಿ ಪದವಿ ಓದುತ್ತಿದ್ದಳು. ಆರು ವರ್ಷ ನನ್ನಲ್ಲಿ ಕಲಿತಿದ್ದಳು, ಒಂದು ದಿನವೂ ಬಾಗಿಲ ಹೊರಗೆ ನಿಂತವಳಲ್ಲ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಮೀಸಲಾತಿಯಡಿ ಅರ್ಜಿ ಹಾಕುವುದು ಅವಳ ಗುರಿ. ಮುಂದಿನ ನೇಮಕಾತಿಯ ಹೊತ್ತಿಗೆ ವಯೋಮಿತಿ ಮೀರುತ್ತಿತ್ತು, ಇದೊಂದೇ ಅವಕಾಶ. ವಿಶ್ವವಿದ್ಯಾಲಯ ತಂಡದ ಆಯ್ಕೆಯೂ ನಮ್ಮ ಬಣದ ಟೂರ್ನಮೆಂಟೂ ಒಂದೇ ದಿನ ಬಂದಿದ್ದವು. ವಿಶ್ವವಿದ್ಯಾಲಯದ ಸರ್ಟಿಫಿಕೇಟಿಗೆ ಯಾವ ತಕರಾರೂ ಇರಲಿಲ್ಲ.

ಪತ್ರ ಬಂದ ವಾರದ ಭಾನುವಾರ ತರಗತಿಯಲ್ಲಿ ಎಲ್ಲರೂ ಬೆಲ್ಟಿನ ದರ್ಜೆಯಂತೆ ಸಾಲಾಗಿ ನಿಂತಿದ್ದರು. ಗುರು ಹೇಳಿದ್ದಕ್ಕೆ "ಓಸ್" ಎಂಬ ಜಪಾನಿ ಒಪ್ಪಿಗೆಯೊಂದೇ ಉತ್ತರ, ಪ್ರಶ್ನೆ ಕೇಳುವಂತಿಲ್ಲ. ಹುಲಿಗೆಮ್ಮ ಮೊದಲ ಬಾರಿಗೆ ಆ ನಿಯಮ ಮುರಿದಳು.

"ಸರ್, ಒಂದ್ ಮಾತ್ ಕೇಳಲ್ರಿ? ನಮ್ಮ ಫೆಡರೇಶನ್ ಮಾನ್ಯತಿ ಹೋಗೈತಂತ ಕುಷ್ಟಗ್ಯಾಗ ಅಂದ್ರು. ಖರೇನ್ರಿ? ಖರೇ ಇದ್ರ ನಾ ಯುನಿವರ್ಸಿಟಿ ಸೆಲೆಕ್ಷನ್‌ಗೆ ಹೊಕ್ಕೀನ್ರಿ."

ಎಲ್ಲರ ಕಣ್ಣೂ ನನ್ನ ಮೇಲಿತ್ತು. ಹೌದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಸಾಲಿನ್ಯಾಗ ನಿಂತು ಗುರುವಿನ್ನ ಪ್ರಶ್ನಿ ಮಾಡೂದು ಯಾವಾಗ ಕಲತಿ? ಮುಷ್ಟಿ ಮ್ಯಾಲೆ ಐವತ್ತು ದಂಡ ಹೊಡಿ," ಎಂದೆ.

"ಓಸ್!" ಎಂದಳು. ಒರಟು ಸಿಮೆಂಟ್ ನೆಲದ ಮೇಲೆ ಐವತ್ತೂ ಹೊಡೆದಳು. ಬೆರಳ ಗೆಣ್ಣುಗಳು ಸುಲಿದಿದ್ದವು. ವಿಶ್ವವಿದ್ಯಾಲಯದ ಆಯ್ಕೆ ಬಿಟ್ಟು ನಮ್ಮ ಟೂರ್ನಮೆಂಟಿಗೇ ಬಂದಳು, ಚಿನ್ನ ಗೆದ್ದಳು.

ಪೊಲೀಸ್ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಮಾನ್ಯತೆಯಿಲ್ಲವೆಂದು ಅವಳ ಸರ್ಟಿಫಿಕೇಟನ್ನು ತಿರಸ್ಕರಿಸಿದರು. ಮಾರನೆಯ ದಿನ ದ್ಯಾಮಣ್ಣ ಶಾಲೆಗೆ ಬಂದರು. ಕೂಗಾಡಲಿಲ್ಲ. ಜಿಲ್ಲೆ, ರಾಜ್ಯ, ರಾಷ್ಟ್ರ ಮೂರೂ ಘಟಕಗಳ ಮೊಹರಿದ್ದ ಸರ್ಟಿಫಿಕೇಟನ್ನು ನನ್ನ ಮೇಜಿನ ಮೇಲೆ ಹರಡಿದರು.

"ನಮ್ಮ ಕುರಿಗೆ ಕಿವ್ಯಾಗ ಒಂದ ಗುರುತು ಇದ್ರ ಇಡೀ ಸಂತಿ ಒಪ್ಪತೈತ್ರಿ ಮಾಸ್ತರ. ಇದಕ್ಕ ಮೂರು ಸಿಕ್ಕಾ ಹೊಡದೀರಿ, ಒಬ್ರೂ ಒಪ್ಪವಲ್ರು. ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಮೇಲಿನವರ ಜಗಳ, ನಮಗೂ ತಿಳಿಸಿರಲಿಲ್ಲ," ಎಂದೆ. ಅವರು ನಂಬಿದರು. ಹೋಗುವಾಗ ಕೈ ಮುಗಿದರು. ಆ ನಮಸ್ಕಾರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಿವೃತ್ತಿಯಾದ ಕೆಲ ಕಾಲದ ಮೇಲೆ ಎರಡೂ ಬಣಗಳನ್ನು ಬದಿಗಿಟ್ಟು ಹೊಸ ರಾಷ್ಟ್ರೀಯ ಸಂಸ್ಥೆ ಕಟ್ಟುವ ಕೆಲಸ ಶುರುವಾಯಿತು. ಜಿಲ್ಲೆಗಳಿಂದ ಸಲಹೆ ಕೇಳಿದರು. ಕೊಪ್ಪಳದ ಸಭೆಗೆ ಹಿರಿಯನೆಂದು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಕರಡು ನಿಯಮಗಳಲ್ಲಿ "ಕ್ರೀಡಾಪಟುಗಳ ಪ್ರತಿನಿಧಿ" ಎಂಬ ಕಲಮು ಓದಿದಾಗ ಹುಲಿಗೆಮ್ಮ ನೆನಪಾಗಿ ಮುಂದೆ ಓದಲಾಗಲಿಲ್ಲ. ಹಳೆಯ ಫೈಲು ತೆಗೆದು ಯಲಬುರ್ಗಾದ ಬಸ್ಸು ಹತ್ತಿದೆ.

ಹುಲಿಗೆಮ್ಮ ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆತ್ಮರಕ್ಷಣೆ ಕಲಿಸುತ್ತಿದ್ದಳು. ಕಾಯಂ ಕೆಲಸವಲ್ಲ. ನನ್ನನ್ನು ಕಂಡೊಡನೆ ಬಾಗಿ ವಂದಿಸಿದಳು. ಪತ್ರ ಕೊಟ್ಟೆ. ನಿಂತೇ ಓದಿದಳು, ಬೆರಳನ್ನು ದಿನಾಂಕದ ಮೇಲಿಟ್ಟಳು.

"ಬುಧವಾರ," ಎಂದಳು. "ನಾ ಕೇಳಿದ್ದು ಐತವಾರ. ಮೊಹರು ಮಾತ್ರ ಭಾಳ ಛಲೋ ಬಿದ್ದೈತ್ರಿ ಸರ್."

ನಾನು ಖಾಲಿ ಫೈಲನ್ನು ಮುಚ್ಚಿದೆ.

"ನೌಕ್ರಿ ಹೋಗಿದ್ದು ಹೋತು. ದಂಡ ಯಾಕ ಹೊಡಸಿದ್ರಿ? ಗೊತ್ತಿಲ್ಲ ಅಂದಿದ್ರೂ ನಾ ನಂಬತಿದ್ನಲ್ರಿ."

"ಎಲ್ಲಾರ ಮುಂದ ಹೌದು ಅನ್ನಾಕ ಆಗಲಿಲ್ಲವ್ವಾ. ಅದಕ್ಕ."

ಅವಳು ಪತ್ರ ಮಡಚಿ ನನ್ನ ಕೈಗೇ ಕೊಟ್ಟಳು. "ಅಪ್ಪಗ ನೀವ ಹೇಳ್ರಿ. ನಾ ಹೇಳೂದಿಲ್ಲ," ಎಂದು ತರಗತಿಯತ್ತ ತಿರುಗಿದಳು. ಅವಳೇನೋ ಹೇಳಿದಾಗ ಹುಡುಗಿಯರೆಲ್ಲ ಒಟ್ಟಿಗೆ "ಓಸ್" ಎಂದರು. "ಓಸ್ ಆಮ್ಯಾಲಿರ್ಲಿ. ತಿಳೀತೋ ಇಲ್ಲೋ, ಅದನ್ನ ಹೇಳ್ರಿ," ಎಂದಳು.

ಅಲ್ಲಿಂದ ನೇರ ತಾವರಗೇರಾಕ್ಕೆ ಹೋಗಿ ದ್ಯಾಮಣ್ಣನವರಿಗೆ ಪತ್ರ ಓದಿ ಹೇಳಿದೆ. ಅವರು ಕುರಿ ಹೊಡೆದುಕೊಂಡು ಹೊರಟುಹೋದರು. ಈ ಸಲ ಕೈ ಮುಗಿಯಲಿಲ್ಲ.

ಕೊಪ್ಪಳದ ಮುಂದಿನ ಸಭೆಯಲ್ಲಿ ನಡೆದದ್ದನ್ನು ಹೇಳಿ ನಡಾವಳಿಯಲ್ಲಿ ಬರೆಸಿದೆ, ಅಧ್ಯಕ್ಷತೆ ಬಿಟ್ಟೆ. ಮಾನ್ಯತೆಯ ಯಾವ ಪತ್ರ ಬಂದರೂ ಅದೇ ದಿನ ಪ್ರತಿ ಕ್ಲಬ್ಬಿನ ಗೋಡೆಗೆ ಅಂಟಿಸಬೇಕೆಂಬ ಸಲಹೆಯೊಂದನ್ನು ಮಾತ್ರ ಕಳಿಸಿದೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದು: ಪ್ರಶ್ನೆ ಕೇಳಿದವರನ್ನು ನಾನು ಶಿಕ್ಷಿಸಿದಾಗಲೆಲ್ಲ ಅದನ್ನು ಶಿಸ್ತು ಎಂದುಕೊಳ್ಳುತ್ತಿದ್ದೆ, ಆದರೆ ಆ ಭಾನುವಾರ ಅದು ನನ್ನ ಅಂಜಿಕೆಯಾಗಿತ್ತು. ಉಳಿದ ದಿನಗಳಲ್ಲಿ ಅದು ಏನಾಗಿತ್ತೋ, ಈಗ ಖಚಿತವಾಗಿ ಹೇಳಲಾರೆ.